ದಿನಕ್ಕೆ 14 ಗಂಟೆ ದುಡಿಮೆ, 10 ನಿಮಿಷ ಧ್ಯಾನ: ಮನಸ್ಸಿನ ಹೊಣೆ ಯಾರದು?

ಬೆಂಗಳೂರು: ವಾರಕ್ಕೆ 70 ಗಂಟೆ ದುಡಿಯಲು ದೇಶದ ಯುವಜನರು ಸಿದ್ಧರಾಗಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಕರೆ ನೀಡಿದ್ದು 2023ರ ಅಕ್ಟೋಬರ್‌ನಲ್ಲಿ. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 2024ರ ಜುಲೈನಲ್ಲಿ, ಐಟಿ ವಲಯದ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ದಾರಿ ಮಾಡಿಕೊಡುವ ಕಾಯ್ದೆ ತಿದ್ದುಪಡಿಯ ಪ್ರಸ್ತಾವ ರಾಜ್ಯ ಕಾರ್ಮಿಕ ಇಲಾಖೆಯ ಮುಂದೆ ಬಂತು. ನೌಕರರ ಸಂಘದ ಲೆಕ್ಕದಲ್ಲಿ ಅದು ದಿನಕ್ಕೆ 14 ಗಂಟೆ. ಇದರ ಹಿಂದೆ ಉದ್ಯಮಿಗಳ ಒತ್ತಡವಿದೆಯೆಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅಂದು ಬಹಿರಂಗವಾಗಿಯೇ ಹೇಳಿದ್ದರು. ವಿರೋಧದ ಬಿರುಸಿಗೆ ಪ್ರಸ್ತಾವ ಹಿಂದೆ ಸರಿಯಿತು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಭಾನುವಾರದ ರಜೆಯ ಬಗೆಗೂ ಅವರಿಗೆ ಬೇಸರವಿತ್ತು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ದಿನದ ಕೆಲಸವನ್ನು 9ರಿಂದ 10 ಗಂಟೆಗೆ, ಹೆಚ್ಚುವರಿ ದುಡಿಮೆಯೂ ಸೇರಿದಂತೆ 12 ಗಂಟೆಗೆ ಏರಿಸುವ ಪ್ರಸ್ತಾವ ಮತ್ತೆ ತಲೆಯೆತ್ತಿತು.

ಇದೇ ಅವಧಿಯಲ್ಲಿ ಇನ್ನೊಂದು ಪ್ರವಾಹವೂ ಹರಿದು ಬಂದಿದೆ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಕಚೇರಿಗಳ ಮಿಂಚಂಚೆಯಲ್ಲಿ ಶುಭಾಶಯ, ಮಧ್ಯಾಹ್ನ ಒಂದು ತಾಸು ಧ್ಯಾನದ ತರಗತಿ, ಮೊಬೈಲಿನ ನೆಮ್ಮದಿ ಆ್ಯಪ್‌ಗೆ ಕಂಪನಿಯ ಲೆಕ್ಕದಲ್ಲಿ ಚಂದಾ. ‘ಸ್ವಯಂ ಆರೈಕೆ’ ಎಂಬುದು ನಗರದ ಮಾತುಕತೆಯಲ್ಲಿ ಹೊಸ ಮಂತ್ರವಾಗಿದೆ. ಚೆನ್ನಾಗಿ ನಿದ್ರಿಸಿ, ಉಸಿರಾಟ ಗಮನಿಸಿ, ದಿನಚರಿ ಬರೆಯಿರಿ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ. ಸಲಹೆಗಳಲ್ಲಿ ಒಂದೂ ತಪ್ಪಲ್ಲ. ಆದರೆ ರಾತ್ರಿ ಹತ್ತಕ್ಕೆ ಕ್ಯಾಬ್ ಹತ್ತುವವನು ಚೆನ್ನಾಗಿ ನಿದ್ರಿಸುವುದು ಯಾವಾಗ ಎಂಬುದನ್ನು ಆ್ಯಪ್ ಹೇಳುವುದಿಲ್ಲ.

ಈ ಎರಡು ಪ್ರವಾಹಗಳೂ ಪರಸ್ಪರ ಸಂಧಿಸದಂತೆ ಹರಿಯುತ್ತಿರುವುದು ಗಮನಾರ್ಹ. ದುಡಿಮೆಯ ಅವಧಿ ಆರ್ಥಿಕತೆಯ ವಿಷಯ, ಮನಸ್ಸು ವ್ಯಕ್ತಿಯ ಖಾಸಗಿ ವಿಷಯ ಎಂಬ ವಿಭಜನೆ ಸಹಜವೆಂಬಂತೆ ಬೇರೂರಿಬಿಟ್ಟಿದೆ. ಮನಶ್ಶಾಸ್ತ್ರದ ಸ್ವಂತ ಚರಿತ್ರೆ ಈ ವಿಭಜನೆಯನ್ನು ಒಪ್ಪುವುದಿಲ್ಲ.

ಮದ್ದುಗುಂಡು ಕಾರ್ಖಾನೆಯ ಪಾಠ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ತೆರೆದ ಪ್ರಯೋಗಶಾಲೆಯಿಂದ ಆಧುನಿಕ ಮನಶ್ಶಾಸ್ತ್ರದ ಕಾಲಗಣನೆ ಆರಂಭವಾಗುತ್ತದೆ. ಅಲ್ಲಿ ಕಲಿತ ಎಮಿಲ್ ಕ್ರೇಪೆಲಿನ್ ಮುಂದೆ ಮನೋರೋಗಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ವೈದ್ಯನೆಂದು ಹೆಸರಾದ. ಆತನ ಇನ್ನೊಂದು ಆಸಕ್ತಿ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಜನರನ್ನು ಕೂರಿಸಿ ಸಾಲು ಸಾಲು ಅಂಕಿಗಳನ್ನು ಕೂಡಿಸಲು ಹೇಳಿ, ಹೊತ್ತು ಕಳೆದಂತೆ ಕೆಲಸದ ವೇಗ ಏರಿ ಇಳಿಯುವ ರೇಖೆಯನ್ನು ಆತ ಗುರುತಿಸುತ್ತಿದ್ದ. ಮನಸ್ಸೂ ದಣಿಯುತ್ತದೆ, ಆ ದಣಿವನ್ನು ಅಳೆಯಬಹುದು, ವಿರಾಮ ಎಲ್ಲಿ ಬೇಕೆಂಬುದನ್ನು ಲೆಕ್ಕ ಹಾಕಬಹುದು ಎಂಬುದು ಆ ಪ್ರಯೋಗಗಳ ಸಾರ. ಇಟಲಿಯ ಆಂಜೆಲೊ ಮೊಸೊ 1891ರಲ್ಲಿ ದಣಿವಿನ ಕುರಿತೇ ಒಂದು ಗ್ರಂಥ ಬರೆದಿದ್ದ.

ಈ ತಿಳಿವಳಿಕೆ ಪ್ರಯೋಗಶಾಲೆಯ ಹೊಸಿಲು ದಾಟಿದ್ದು ಮೊದಲ ಮಹಾಯುದ್ಧದಲ್ಲಿ. ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳು ಹಗಲಿರುಳೂ ನಡೆಯುತ್ತಿದ್ದವು. ಭಾನುವಾರದ ರಜೆ ರದ್ದಾಗಿತ್ತು. ದೇಶಕ್ಕಾಗಿ ದುಡಿಯಬೇಕೆಂಬ ಮಾತು ಅಲ್ಲಿ ಅಕ್ಷರಶಃ ನಿಜ, ಗಡಿಯಲ್ಲಿ ಸೈನಿಕರು ಗುಂಡಿಗಾಗಿ ಕಾದಿದ್ದರು. ಹೀಗಿದ್ದೂ ಉತ್ಪಾದನೆ ನಿರೀಕ್ಷೆಯಂತೆ ಏರಲಿಲ್ಲ. 1915ರಲ್ಲಿ ಸರ್ಕಾರ ಈ ಕಾರ್ಮಿಕರ ಆರೋಗ್ಯದ ಕುರಿತು ಸಮಿತಿ ನೇಮಿಸಿತು. ಅದರ ಪರವಾಗಿ ಸಂಶೋಧಕರು ಕಾರ್ಖಾನೆಯೊಳಗೇ ನಿಂತು, ಯಾರು ಎಷ್ಟು ಗಂಟೆಯಲ್ಲಿ ಎಷ್ಟು ಬಿಡಿಭಾಗ ತಯಾರಿಸಿದರೆಂದು ಎಣಿಸಿದರು. ಭಾನುವಾರದ ವಿಶ್ರಾಂತಿಯನ್ನು ಮರಳಿಸಬೇಕು, ದುಡಿಮೆಯ ಅವಧಿಯನ್ನು ಇಳಿಸಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಕರುಣೆಯಿಂದ ಬಂದ ಶಿಫಾರಸಲ್ಲ, ಎಣಿಕೆಯಿಂದ ಬಂದದ್ದು.

ಅಂದಿನ ಆ ಅಂಕಿಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ 2014ರಲ್ಲಿ ಮತ್ತೊಮ್ಮೆ ಹೊರತೆಗೆದು ಪರಿಶೀಲಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ದುಡಿಮೆ ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚುತ್ತದೆ. ಆ ಬಳಿಕ ಪ್ರತಿ ಗಂಟೆಯ ಫಲ ಕುಗ್ಗುತ್ತ ಹೋಗುತ್ತದೆ. 70 ಗಂಟೆ ದುಡಿದ ವಾರದ ಉತ್ಪಾದನೆಗೂ 56 ಗಂಟೆ ದುಡಿದ ವಾರದ ಉತ್ಪಾದನೆಗೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಉಳಿದ 14 ಗಂಟೆ ಬರಿಯ ಹಾಜರಿ ಎಂದೇ ಅರ್ಥ. ಕಂಪ್ಯೂಟರ್ ಮುಂದಿನ ಕೆಲಸಕ್ಕೂ ಕಬ್ಬಿಣ ಕಡೆಯುವ ಕೆಲಸಕ್ಕೂ ಹೋಲಿಕೆ ಸಲ್ಲದೆಂದು ವಾದಿಸಬಹುದು. ಕ್ರೇಪೆಲಿನ್ ಅಳೆದದ್ದು ಕಬ್ಬಿಣದ ಕೆಲಸವನ್ನಲ್ಲ ಎಂಬುದನ್ನು ಆಗ ನೆನಪಿಸಬೇಕಾಗುತ್ತದೆ.

ಕೆಲಸದಿಂದ ಮನಸ್ಸಿನೆಡೆಗೆ

ಹಾಗಿದ್ದರೆ ದುಡಿಮೆಯ ಅವಧಿಯ ಪ್ರಶ್ನೆ ಮನಶ್ಶಾಸ್ತ್ರದಿಂದ ಜಾರಿಹೋದದ್ದು ಎಲ್ಲಿ? ಅದಕ್ಕೆ ಒಂದೇ ಘಟನೆಯನ್ನು ಬೆಟ್ಟು ಮಾಡುವುದು ಸರಳೀಕರಣವಾದೀತು. ಆದರೂ ಅಮೆರಿಕದ ಷಿಕಾಗೊ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಒಂದು ತಿರುವು ಎಂಬುದರಲ್ಲಿ ಅನುಮಾನವಿಲ್ಲ. ಬೆಳಕು, ವಿರಾಮ, ಅವಧಿ ಇವುಗಳ ಪರೀಕ್ಷೆಯಿಂದ ಆರಂಭವಾದ ಆ ಯತ್ನ ಎಲ್ಟನ್ ಮೇಯೊ ಮತ್ತು ಸಂಗಡಿಗರ ಕೈಯಲ್ಲಿ ಕಾರ್ಮಿಕರ ಭಾವನೆಗಳ ಅಧ್ಯಯನವಾಗಿ ಮಾರ್ಪಟ್ಟಿತು. 20 ಸಾವಿರಕ್ಕೂ ಹೆಚ್ಚು ಸಂದರ್ಶನಗಳು ನಡೆದವು. 1936ರಲ್ಲಿ ಕಾರ್ಖಾನೆಯಲ್ಲೇ ಆಪ್ತಸಮಾಲೋಚಕರ ನೇಮಕವಾಯಿತು. ಕಾರ್ಮಿಕನ ಮಾತು ಕೇಳಬೇಕೆಂಬುದು ಒಳ್ಳೆಯದೇ. ಕೇಳಿದ ದೂರಿನಿಂದ ಕೆಲಸದ ವ್ಯವಸ್ಥೆ ಬದಲಾಗಬೇಕಿಲ್ಲ, ದೂರಿದವನ ಮನಸ್ಸು ಹಗುರಾದರೆ ಸಾಕು ಎಂಬ ಧೋರಣೆ ಅದರ ಬೆನ್ನಿಗೇ ಬಂತೆಂದು ವಿಮರ್ಶಕರು ಆಗಲೇ ಟೀಕಿಸಿದ್ದರು. ಇಂದಿನ ಕಾರ್ಪೊರೇಟ್ ನೆಮ್ಮದಿ ಕಾರ್ಯಕ್ರಮಗಳ ಮೂಲಪುರುಷರನ್ನು ಹುಡುಕುವವರು ಅಲ್ಲಿಗೇ ಹೋಗಬೇಕು.

ಧ್ಯಾನದ ಕಥೆ ಇನ್ನೂ ಸ್ವಾರಸ್ಯಕರ. ಬೌದ್ಧ ಪರಂಪರೆಯ ಧ್ಯಾನವನ್ನು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜಿಗೆ ತಂದದ್ದು ದೀರ್ಘಕಾಲದ ನೋವಿನಿಂದ ನರಳುವ ರೋಗಿಗಳಿಗಾಗಿ. ಅಲ್ಲಿಂದ ಅದು ಕಂಪನಿಗಳ ತರಬೇತಿ ಕೊಠಡಿಗೆ, ಕಡೆಗೆ ಮೊಬೈಲ್‌ಗೆ ಇಳಿದು, ಮಾಸಿಕ ಚಂದಾ ಕಟ್ಟಿದರೆ ಬೆಂಗಳೂರಿನವರಿಗೂ ಲಭ್ಯವಾಗುತ್ತಿದೆ.

ಇಂಥ ಕಾರ್ಯಕ್ರಮಗಳ ಫಲವೇನು? ಆಕ್ಸ್‌ಫರ್ಡ್‌ನ ಸಂಶೋಧಕ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಆಧರಿಸಿದೆ. ಧ್ಯಾನ, ಒತ್ತಡ ನಿರ್ವಹಣೆ, ನೆಮ್ಮದಿಯ ಆ್ಯಪ್ ಮುಂತಾದವುಗಳಲ್ಲಿ ಪಾಲ್ಗೊಂಡವರ ಮಾನಸಿಕ ಸ್ಥಿತಿ ಪಾಲ್ಗೊಳ್ಳದವರಿಗಿಂತ ಉತ್ತಮವಾಗಿರಲಿಲ್ಲ. ಸ್ವಯಂಸೇವೆಗೆ ಅವಕಾಶ ಕೊಟ್ಟ ಕಡೆ ಮಾತ್ರ ಒಂದಿಷ್ಟು ಒಳಿತು ಕಂಡಿತು. ಒಂದೇ ಅಧ್ಯಯನ ಅಂತಿಮ ತೀರ್ಪಲ್ಲ. ನೌಕರರನ್ನು ಕಾಲಾನುಕ್ರಮದಲ್ಲಿ ಹಿಂಬಾಲಿಸಿದ ಅಧ್ಯಯನವೂ ಅದಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಅದೇ ದಿಕ್ಕಿನಲ್ಲಿದೆ. ‘ಬರ್ನ್‌ಔಟ್’ ಎಂಬ ತೀವ್ರ ಬಳಲಿಕೆಯನ್ನು ಸಂಸ್ಥೆ 2019ರಲ್ಲಿ ಅಂಗೀಕಾರಗೊಂಡ ರೋಗ ವರ್ಗೀಕರಣದಲ್ಲಿ ಸೇರಿಸಿತು, ಆದರೆ ರೋಗವೆಂದು ಕರೆಯಲಿಲ್ಲ. ಅದು ವೃತ್ತಿಸಂಬಂಧಿ ವಿದ್ಯಮಾನ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. 2022ರ ಸೆಪ್ಟೆಂಬರ್‌ನ ಮಾರ್ಗಸೂಚಿಯಲ್ಲಿ ವ್ಯಕ್ತಿಗೆ ತರಬೇತಿ ಕೊಡುವುದರ ಜತೆಗೆ ಕೆಲಸದ ಹೊರೆ ಮತ್ತು ವ್ಯವಸ್ಥೆಯನ್ನೇ ಬದಲಿಸುವ ಕ್ರಮಗಳನ್ನೂ ಸೂಚಿಸಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚೆಂದು ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಡನೆ 2021ರಲ್ಲೇ ಎಚ್ಚರಿಸಿತ್ತು.

ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆ ಕೂಡ, ದಿನಕ್ಕೆ 12 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೇಜಿನ ಮುಂದೆ ಕೂರುವವರ ಮಾನಸಿಕ ಸ್ಥಿತಿ ಹದಗೆಟ್ಟಿರುವುದನ್ನು ಎತ್ತಿ ಹೇಳಿತು. 90 ಗಂಟೆಯ ಮಾತು ಹೊರಬಿದ್ದ ತಿಂಗಳಲ್ಲೇ ಈ ಸಮೀಕ್ಷೆ ಸಂಸತ್ತಿನಲ್ಲಿ ಮಂಡನೆಯಾದದ್ದು ಕಾಕತಾಳೀಯವಿರಬಹುದು.

ಮೈಸೂರಿನ ಪೀಠ, ಬಳ್ಳಾರಿಯ ಮಾದರಿ

ಕರ್ನಾಟಕಕ್ಕೆ ಈ ವಿದ್ಯೆ ಹೊಸತಲ್ಲ. ಕಲ್ಕತ್ತ ವಿಶ್ವವಿದ್ಯಾಲಯಕ್ಕಾಗಿ 1905ರಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿದ ಬ್ರಜೇಂದ್ರನಾಥ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಅವಧಿಯಲ್ಲೇ, 1924ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಇದೇ ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ರೂಢಿಗೆ ತಂದರು. ನಾಡಿನ ಜನಕ್ಕೆ ನೆನಪಿರುವುದು ಬಾನುಲಿ. ಮನಶ್ಶಾಸ್ತ್ರ ಮರೆತಿದೆ.

ಬೆಂಗಳೂರಿನ ಹುಚ್ಚಾಸ್ಪತ್ರೆ ಆ ಹೆಸರನ್ನು ಕಳಚಿಕೊಂಡು ಮಾನಸಿಕ ಆಸ್ಪತ್ರೆಯಾದದ್ದು 1925ರಲ್ಲಿ. 1954ರಲ್ಲಿ ಅದರ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್‌ನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಬಾರಿ ಬದಲಾದರೂ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ಇಂದಿಗೂ ಗೆಳೆಯರ ನಡುವಿನ ಲೇವಡಿಯಾಗಿಯೇ ಉಳಿದಿದೆ.

ಕನ್ನಡದಲ್ಲಿ ಈ ಲೇವಡಿಯ ಭಾಷೆಯನ್ನು ಬದಲಿಸಲು ಯತ್ನಿಸಿದ ವೈದ್ಯರಿದ್ದರು. ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸಿದಷ್ಟೇ ಶ್ರದ್ಧೆಯಿಂದ ಮನಸ್ಸಿನ ಬಗ್ಗೆಯೂ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕವಿತೆ, ಕಾದಂಬರಿಗಳ ನಡುವೆ ಮನೋರೋಗದ ಕುರಿತ ಪುಸ್ತಕವೊಂದು ಅಕಾಡೆಮಿಯ ಗೌರವಕ್ಕೆ ಪಾತ್ರವಾದದ್ದು ಕನ್ನಡದಲ್ಲಿ! ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಆ ಹಾದಿಯನ್ನು ಮುಂದೆ ಹೆದ್ದಾರಿಯಾಗಿಸಿದರು.

ಎಲ್ಲಕ್ಕಿಂತ ಮುಖ್ಯವಾದುದು ಬಳ್ಳಾರಿ. ತಜ್ಞರು ನಗರದಲ್ಲಿ, ರೋಗಿಗಳು ಹಳ್ಳಿಯಲ್ಲಿ ಎಂಬ ಸಮಸ್ಯೆಗೆ ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಉತ್ತರ ಹುಡುಕತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ ಆ ಅನುಭವವನ್ನು ಇಡೀ ಜಿಲ್ಲೆಯೊಂದರಲ್ಲಿ ಪರೀಕ್ಷಿಸಲು ಬಳ್ಳಾರಿಯನ್ನು ಆರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಅಗತ್ಯದ ನಾಲ್ಕಾರು ಔಷಧಗಳು ಸ್ಥಳದಲ್ಲೇ ಸಿಗುವಂತಾಯಿತು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಬೆಂಬಲವಿತ್ತು. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮುಂದೆ 767 ಜಿಲ್ಲೆಗಳಿಗೆ ಮಂಜೂರಾದದ್ದು ಇದೇ ‘ಬಳ್ಳಾರಿ ಮಾದರಿ’ಯ ವಿಸ್ತರಣೆ. ರೋಗಿಗೆ ‘ನಿನ್ನನ್ನು ನೀನೇ ನೋಡಿಕೋ’ ಎಂದು ಹೇಳದೆ, ನೋಡಿಕೊಳ್ಳುವವರನ್ನೇ ಆತನ ಊರಿಗೆ ಕಳುಹಿಸಿದ್ದು ಅದರ ಹೆಗ್ಗಳಿಕೆ.

ವಿಸ್ತರಣೆಯಲ್ಲಿ ಮಾದರಿ ತೆಳುವಾಯಿತೆಂಬುದೂ ನಿಜ. ಭಾರತದಲ್ಲಿ 1 ಲಕ್ಷ ಜನರಿಗೆ ಇರುವ ಮನೋವೈದ್ಯರ ಪ್ರಮಾಣ 0.75. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಗ್ರಾಮಗಳಲ್ಲಿ ಈ ಪ್ರಮಾಣ ಶೇ 6.9, ಮಹಾನಗರಗಳಲ್ಲಿ ಶೇ 13.5. ಖಿನ್ನತೆ, ಆತಂಕದಂತಹ ಸಾಮಾನ್ಯ ತೊಂದರೆಯುಳ್ಳ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಸಮೀಕ್ಷೆಗೆ ಆಯ್ಕೆಯಾದ 12 ರಾಜ್ಯಗಳಲ್ಲಿ ನಿಮ್ಹಾನ್ಸ್‌ನ ತವರಾದ ಕರ್ನಾಟಕವೇ ಇರಲಿಲ್ಲವೆಂಬುದು ವಿಪರ್ಯಾಸ.

ಸ್ವಯಂ ಆರೈಕೆಯ ಮಿತಿ

ಇಷ್ಟು ಹೇಳಿದ ಮಾತ್ರಕ್ಕೆ ಸ್ವಯಂ ಆರೈಕೆ ಬರೀ ಬೊಗಳೆ ಎಂದೇನೂ ಅಲ್ಲ. ಮನಶ್ಶಾಸ್ತ್ರದ ಗಟ್ಟಿ ಪುರಾವೆ ಇರುವ ಸರಳ ಉಪಾಯಗಳಿವೆ. ಮನಸ್ಸು ಕುಗ್ಗಿದಾಗ ಮನುಷ್ಯ ಮೊದಲು ಬಿಡುವುದು ಸಂಜೆಯ ನಡಿಗೆ, ಗೆಳೆಯರ ಭೇಟಿ, ಹಾಡು, ಅಡುಗೆಯಂತಹ ಸಣ್ಣ ಚಟುವಟಿಕೆಗಳನ್ನು. ಬಿಟ್ಟಷ್ಟೂ ಕುಗ್ಗುತ್ತಾನೆ. ಉತ್ಸಾಹ ಬರಲೆಂದು ಕಾಯದೆ ಅವನ್ನು ಒಂದೊಂದಾಗಿ, ವೇಳಾಪಟ್ಟಿ ಹಾಕಿಕೊಂಡು ಮರಳಿ ಹಿಡಿಯುವುದು ಖಿನ್ನತೆಗೆ ಪರಿಣಾಮಕಾರಿ ಚಿಕಿತ್ಸೆಯೆಂದು 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರ ಪ್ರಯೋಗ ತೋರಿಸಿತು. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಇದನ್ನೇ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರ ಮೂಲಕ ಆರೆಂಟು ಭೇಟಿಗಳಲ್ಲಿ ನೀಡಿ, 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ತೀವ್ರ ಖಿನ್ನತೆಯಲ್ಲೂ ಅದು ನೆರವಾಗಿತ್ತು.

ಗಮನಿಸಬೇಕಾದುದೆಂದರೆ, ಅಲ್ಲಿಯೂ ಎದುರಿಗೆ ಒಬ್ಬ ಮನುಷ್ಯ ಇದ್ದ. ಜತೆಗೆ ಈ ಚಿಕಿತ್ಸೆಗೆ ಬೇಕಾದ ಮುಖ್ಯ ಸಾಮಗ್ರಿ ಬಿಡುವು. ಸಂಜೆಯನ್ನೇ ಕಳೆದುಕೊಂಡವನಿಗೆ ಸಂಜೆಯ ನಡಿಗೆಯನ್ನು ಬರೆದುಕೊಟ್ಟು ಪ್ರಯೋಜನವಿಲ್ಲ.

ಬಿಡುವಿನ ಕೊರತೆ ಐಟಿ ನೌಕರರದಷ್ಟೇ ಅಲ್ಲ. ಅವರ ಪರವಾಗಿ ಮಾತನಾಡಲು ಸಂಘವಿದೆ, ವಿಮೆಯಿದೆ, ಕೊನೆಗೆ ಆ್ಯಪ್ ಆದರೂ ಇದೆ. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯ ಹೆಂಗಸಿಗೆ, ರಾತ್ರಿ ಊಟ ತಲುಪಿಸುವ ದ್ವಿಚಕ್ರ ಸವಾರನಿಗೆ ಸ್ವಯಂ ಆರೈಕೆಯ ಶಬ್ದವೂ ತಲುಪಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಶೇ 26.4 ಮಂದಿ ದಿನಗೂಲಿಗಳು. ಕರ್ನಾಟಕದಲ್ಲಿ ಆ ವರ್ಷ 13,606 ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಈ ಸಾವುಗಳಿಗೆ ಕೆಲಸದ ಅವಧಿಯೊಂದೇ ಕಾರಣವೆನ್ನಲು ಬರುವುದಿಲ್ಲ. ಕೌಟುಂಬಿಕ ಸಮಸ್ಯೆ, ಕಾಯಿಲೆ ಮೊದಲ ಸಾಲಿನಲ್ಲಿವೆ. ಆದರೆ ಮನಸ್ಸಿನ ಆರೈಕೆಯನ್ನು ಕೊಂಡುಕೊಳ್ಳುವ ಸರಕಾಗಿಸಿದರೆ ಯಾರು ಹೊರಗುಳಿಯುತ್ತಾರೆಂಬುದಕ್ಕೆ ಈ ಅಂಕಿ ಸಾಕು.

ಎರಡು ಇಲಾಖೆ, ಎರಡು ಕಡತ

ಉದ್ಯಮದ ವಾದವನ್ನೂ ಕೇಳಬೇಕು. ಗ್ರಾಹಕರು ಅಮೆರಿಕದಲ್ಲಿ, ನೌಕರರು ಇಲ್ಲಿ; ಗಡಿಯಾರಗಳು ಹೊಂದುವುದಿಲ್ಲ. ಕೆಲಸ ಮುಗಿಸುವ ಗಡುವು ಬಂದಾಗ ಅವಧಿಯಲ್ಲಿ ಸಡಿಲಿಕೆ ಬೇಕು, ಇಲ್ಲವಾದರೆ ಯೋಜನೆಗಳು ಬೇರೆ ರಾಜ್ಯ, ಬೇರೆ ದೇಶಕ್ಕೆ ಹೋಗುತ್ತವೆ. ವಾರದ ಮಿತಿ 48 ಗಂಟೆಯಲ್ಲೇ ಉಳಿದು ದಿನಗಳು ಹಿಂದುಮುಂದಾದರೆ ತಪ್ಪೇನೆಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ 2024ರ ಪ್ರಸ್ತಾವದಲ್ಲೇ ಇತ್ತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿ 50 ಗಂಟೆಯಿಂದ 125ಕ್ಕೆ ಏರುತ್ತಿತ್ತು. 2025ರದರಲ್ಲಿ 144. ಇದು ದಿನಗಳ ಹಿಂದುಮುಂದಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂಕಿಗಳಂತೆ, ಪ್ರಸ್ತಾವಗಳು ಬಂದ ಆ ದಿನಗಳಲ್ಲೇ ಭಾರತದ ದುಡಿಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವಾರಕ್ಕೆ 49 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರು. ಪೆಂಕವೆಲ್ ಗುರುತಿಸಿದ ಅಂಚನ್ನು ಅವರು ಎಂದೋ ದಾಟಿದ್ದಾರೆ.

ಕಾನೂನಿನ ಮಟ್ಟದಲ್ಲೂ ಈ ಎರಡು ವಿಷಯಗಳು ಮುಖಾಮುಖಿಯಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿತು, ದೇಹದ ಕಾಯಿಲೆಗೆ ಸಮನಾಗಿ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದಿತು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಬೇಕೇ ಹೊರತು ಅಪರಾಧಿಗಳಂತೆ ಕಾಣಬಾರದೆಂದಿತು. ಒತ್ತಡ ಹುಟ್ಟುವ ಸ್ಥಳದ ಬಗ್ಗೆ, ದುಡಿಮೆಯ ಗಂಟೆಗಳ ಬಗ್ಗೆ ಅದು ಮಾತನಾಡುವುದಿಲ್ಲ. ಆ ಕೆಲಸ ಕಾರ್ಮಿಕ ಕಾನೂನುಗಳದು. ಅಲ್ಲಿ ಸಡಿಲಿಕೆಯ ಗಾಳಿ ಬೀಸುತ್ತಿದೆ. ಬೆಂಗಳೂರಿನ ಡೇರಿ ವೃತ್ತದ ಆಸುಪಾಸಿನಲ್ಲೇ ಕಾರ್ಮಿಕ ಭವನವೂ ಇದೆ, ಅನತಿದೂರದಲ್ಲಿ ನಿಮ್ಹಾನ್ಸ್ ಕೂಡ. ಇಲ್ಲಿಂದ ಅಲ್ಲಿಗೆ ಕಡತವೊಂದು ನಡೆದೇ ಹೋಗಬಹುದು. ದುಡಿಮೆಯ ಅವಧಿಯ ಪ್ರಸ್ತಾವ ಇನ್ನೊಮ್ಮೆ ಬಂದಾಗ, ಮನಸ್ಸಿನ ದಣಿವನ್ನು ಬಲ್ಲವರ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು, ಅದನ್ನು ಪ್ರಕಟಿಸುವುದು ಸರ್ಕಾರಕ್ಕೆ ದುಬಾರಿಯ ಕೆಲಸವೇನಲ್ಲ. ಬ್ರಿಟನ್ 1915ರಲ್ಲಿ, ಯುದ್ಧದ ನಡುವೆಯೇ, ಅದನ್ನು ಮಾಡಿತ್ತು.

ಸದ್ಯಕ್ಕೆ ನೆರವು ಬೇಕಾದವರಿಗೆ ದಾರಿ ಇಲ್ಲದಿಲ್ಲ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯಕೀಯ ಸೇವೆ ಒದಗಿಸುವ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಚಾಲನೆ ಪಡೆದ ‘ಟೆಲಿ ಮಾನಸ್’ ದೂರವಾಣಿ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 2025ರ ಆರಂಭದ ವೇಳೆಗೆ ಈ ಸೇವೆ 18 ಲಕ್ಷಕ್ಕೂ ಹೆಚ್ಚು ಕರೆಗಳನ್ನು ನಿರ್ವಹಿಸಿತ್ತು. ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಗಳಿಗೂ ಮೀರಿ ದಿನವಿಡೀ ಕಾಡಿದರೆ ಅದನ್ನು ಸ್ವಯಂ ಆರೈಕೆಗೆ ಬಿಡದೆ ವೈದ್ಯರನ್ನು ಕಾಣಬೇಕು. ಬದುಕು ಸಾಕೆನಿಸುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್‌ನ ಶುಲ್ಕರಹಿತ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.